ಹಾಕಿದವನೇ ತೆಗೆಯಬೇಕು

ಗೇಣುದ್ದದ ಒಂದು ಕೆಂಪು ಪಟ್ಟಿ ಮನುಷ್ಯನನ್ನು ಎಷ್ಟು ದೂರ ಓಡಿಸಬಹುದು? ಪಾರಿಶ್ವಾಡದಿಂದ ಬೆಳಗಾವಿಯವರೆಗೆ ಓಡಿಸಬಹುದು, ಮತ್ತೆ ಬೆಳಗಾವಿಯಿಂದ ಪಾರಿಶ್ವಾಡಕ್ಕೆ. ಅನುಮಾನವಿದ್ದವರು ಅಮರನನ್ನು ಕೇಳಬಹುದು. ಆದರೆ ಕೇಳುವಾಗ ಅವನ ಮಾವ ಗುರುಪಾದಪ್ಪನವರು ಹತ್ತಿರದಲ್ಲಿ ಇಲ್ಲದಂತೆ ನೋಡಿಕೊಳ್ಳುವುದು ಒಳ್ಳೆಯದು. ಇದ್ದರೆ ಕತೆಯನ್ನು ಅವರೇ ಹೇಳಿಬಿಡುತ್ತಾರೆ, ಅಮರನಿಗೆ ಬರೀ ಹೂಂಗುಟ್ಟುವ ಕೆಲಸ ಉಳಿಯುತ್ತದೆ.

ಅಂದು ಅಮರನ ಹೆಂಡತಿ ಸಮೃದ್ಧಿಯ ತವರಿನ ಕುಬಸ. ಆಕೆಗೆ ಏಳನೆಯ ತಿಂಗಳು, ಸೀಮಂತದ ಶಾಸ್ತ್ರ. ಅಂಗಳದಲ್ಲಿ ಹಂದರ ಎದ್ದಿತ್ತು, ಒಳಗೆ ಹೋಳಿಗೆಯ ಹೂರಣ ಸಿದ್ಧವಾಗುತ್ತಿತ್ತು, ಮೈಕಿನ ಮಾಯಪ್ಪ ಹಲೋ ಹಲೋ ಎಂದು ಊರನ್ನೆಲ್ಲ ಎಬ್ಬಿಸಿ ಆಗಿತ್ತು. ಅಮರ ಮಾವನ ಮನೆಯ ಪಡಸಾಲೆಯಲ್ಲಿ ಕೂತು ಉಪ್ಪಿಟ್ಟಿನ ತಾಟಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಫೋನು ಬಂತು. ಬೆಳಗಾವಿಯಿಂದ ಅವನ ಮೇಲಧಿಕಾರಿ ಲಕ್ಷ್ಮಪ್ಪನವರು.

"ಅಮರ, ಎಲ್ಲಿದ್ದೀಪಾ?"

"ಪಾರಿಶ್ವಾಡದಾಗ ಅದೇನ್ರಿ ಸರ್. ಇವತ್ತ ಕುಬಸ ಐತಲ್ರಿ, ರಜಾ ತಗೊಂಡೇನಿ."

"ಅದು ಗೊತ್ತೈತಿ. ನಿನ್ನ ಕೆಂಪು ಪಟ್ಟಿ ಎಲ್ಲೈತಿ?"

ಅಮರನ ಬಾಯಲ್ಲಿದ್ದ ಉಪ್ಪಿಟ್ಟು ಕೆಳಗಿಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ.

ಬೆಳಗಾವಿಯ ಸಾಂಬ್ರಾ ದಾರಿಯ ಕಡೆ ವಿಮಾನ ಓಡಿಸಲು ಕಲಿಸುವ ಒಂದು ಶಾಲೆ ಇದೆ ಎಂದುಕೊಳ್ಳಿ. ಅದರ ದೊಡ್ಡ ತಗಡಿನ ಶೆಡ್ಡಿನಲ್ಲಿ ಅಮರನಿಗೆ ವಿಮಾನದ ವೈರಿಂಗ್ ಕೆಲಸ. ಇಬ್ಬರು ಕೂರುವ ಪುಟ್ಟ ವಿಮಾನಗಳು. ಹೊರಗಿನಿಂದ ನೋಡಿದರೆ ಆಟಿಕೆ ಸಾಮಾನು, ಒಳಗೆ ಹೊಟ್ಟೆ ತೆರೆದು ನೋಡಿದರೆ ಜಡೆ ಹೆಣೆದಂತೆ ವೈರುಗಳ ಕಟ್ಟು. ಯಾವ ವೈರನ್ನು ಮುಟ್ಟುವ ಮೊದಲೂ ಅದರ ಬ್ರೇಕರ್ ಗುಂಡಿಯನ್ನು ಹೊರಗೆಳೆದು ಕರೆಂಟು ತಪ್ಪಿಸಬೇಕು. ಎಳೆದ ಗುಂಡಿಗೆ ತನ್ನ ಹೆಸರು ಬರೆದ ಕೆಂಪು ಪಟ್ಟಿ ಕಟ್ಟಬೇಕು. ಒಳಗೆ ಕೆಲಸ ನಡೆದಿದೆ, ಯಾರೂ ಮುಟ್ಟಬೇಡಿ ಎಂದು ಅದರ ಅರ್ಥ. ಆ ಪಟ್ಟಿಯನ್ನು ಹಾಕಿದವನೇ ತೆಗೆಯಬೇಕು. ಲಕ್ಷ್ಮಪ್ಪನವರು ಮುಟ್ಟುವಂತಿಲ್ಲ, ಶಾಲೆಯ ಮಾಲೀಕರೂ ಮುಟ್ಟುವಂತಿಲ್ಲ. ಹಾಕಿದವನು ಆಸ್ಪತ್ರೆಯಲ್ಲಿದ್ದರೆ, ಪರದೇಶದಲ್ಲಿದ್ದರೆ, ಇಲ್ಲವೇ ಶಿವನ ಪಾದ ಸೇರಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಮಾವನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರೆ ಯಾವ ದಾರಿಯೂ ಇಲ್ಲ.

ಹಿಂದಿನ ದಿನ ಅವನು ಒಂದು ವಿಮಾನದ ಮುಂದಿನ ದೀಪದ ಸವೆದ ವೈರು ತೆಗೆದು ಹೊಸದು ಹಾಕಿದ್ದ. ಎರಡನೆಯವರೊಬ್ಬರೂ ನೋಡಬೇಕೆಂಬ ನಿಯಮದಂತೆ ಜೊತೆಗಾರ್ತಿ ಸಪ್ನಾ ಟಾರ್ಚ್ ಹಿಡಿದು ತಪಾಸು ಮಾಡಿ ಸರಿ ಅಂದಿದ್ದಳು. ಇನ್ನು ಉಳಿದದ್ದು ಪಟ್ಟಿ ಬಿಚ್ಚುವುದು, ಗುಂಡಿ ಒತ್ತುವುದು, ದೀಪ ಹತ್ತಿತೇ ಎಂದು ನೋಡುವುದು. ಆಗ ಅತ್ತೆ ನಿಂಗವ್ವನ ಫೋನು ಬಂದಿತ್ತು, ಹಸಿರು ಬಳೆ ತರುವುದನ್ನು ಮರೆಯಬೇಡಿ ಎಂದು. ಅಮರ ಬಳೆಯನ್ನು ಮರೆಯಲಿಲ್ಲ. ಮರೆತದ್ದು ಪಟ್ಟಿಯನ್ನು.

"ಮಹೇಕಂದು ಇವತ್ತ ವಿಮಾನ ಹಾರ್ಸೂ ಪರೀಕ್ಷಾ ಐತಿ," ಲಕ್ಷ್ಮಪ್ಪನವರು ಹೇಳುತ್ತಿದ್ದರು. "ಪರೀಕ್ಷಾ ತಗೊಳ್ಳಾವ್ರು ಮಧ್ಯಾಹ್ನಕ್ಕ ಹೊಳ್ಳಿ ಹೊಂಟ ಬಿಡ್ತಾರ. ಇದ ಬಿಟ್ರ ಬ್ಯಾರೆ ವಿಮಾನ ತಯಾರ ಇಲ್ಲ. ಆ ಹುಡುಗಿ ಮುಂಜಾನಿಂದ ಚಹಾ ಸುದ್ದಾ ಕುಡಿದಿಲ್ಲ. ಬಾರಪಾ."

ಬೇರೆ ಯಾವ ದಿನವಾಗಿದ್ದರೂ ಅಮರ ಆಗಲೇ ಬೈಕಿನ ಮೇಲೆ ಇರುತ್ತಿದ್ದ. ಆದರೆ ಹಿಂದಿನ ಸಂಜೆ ಮಾವ-ಅಳಿಯರ ನಡುವೆ ಒಂದು ಕರಾರು ಆಗಿತ್ತು. ಕುಬಸವಾದ ಮೇಲೆ ಮಗಳು ಹೆರಿಗೆಯವರೆಗೆ ತವರಿನಲ್ಲೇ ಇರಬೇಕೆಂಬುದು ಗುರುಪಾದಪ್ಪನವರ ತೀರ್ಮಾನ. ಇನ್ನೊಂದು ತಿಂಗಳಾದರೂ ಬೆಳಗಾವಿಯ ರಾಮತೀರ್ಥ ನಗರದ ತಮ್ಮ ಮನೆಗೆ ಕಳಿಸಿ ಎಂದು ಅಮರನ ಗೋಗರೆತ. ನಿಜ ಹೇಳಬೇಕೆಂದರೆ ಅವಳಿಲ್ಲದ ಮನೆಯನ್ನು ಅವನಿಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಸಂಜೆ ಕೆಲಸದಿಂದ ಬಂದು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಕೂಸು ಒದೆಯುವುದನ್ನು ಕಾಯುತ್ತ ಕೂರುವುದೇ ಅವನ ದಿನದ ದೊಡ್ಡ ಸುಖವಾಗಿತ್ತು.

"ನಿಮಗ ವಿಮಾನ ಮೊದಲ, ಹೆಂಡ್ತಿ ಆಮ್ಯಾಲ," ಎಂದಿದ್ದರು ಮಾವ. "ನಾಳೆ ಆರತಿ ಹೊತ್ತಿಗೆ ಆಕಿ ಬಾಜೂಕ ಮಣಿ ಮ್ಯಾಲ ಕುಂತಿದ್ರ, ಒಂದ ತಿಂಗಳ ಕರಕೊಂಡ ಹೋಗ್ರಿ. ಇಲ್ಲಂದ್ರ ಕೂಸಿನ ಮಾರಿ ನೋಡಾಕ ಇಲ್ಲಿಗೇ ಬರ್ರಿ."

ಈಗ ಫೋನಿನ ಮಾತು ಕೇಳಿಸಿಕೊಂಡವರೆಲ್ಲ ಅವನ ಸುತ್ತ ನೆರೆದರು. ಬಾಜು ಮನೆಯ ಪದ್ಮವ್ವ ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ಒಂದ ಚಿಂದಿ ಅರಿವಿ ಬಿಚ್ಚಾಕ ಬೆಳಗಾವಿತನಕ ಹೋಗ್ಬೇಕೇನ್ರಿ? ನಮ್ಮ ತಮ್ಮ ಫೋನಿನ್ಯಾಗ ಬ್ಯಾಂಕಿನ ಕೆಲಸ ಸುದ್ದಾ ಮಾಡ್ತಾನ."

"ನಾ ಮೈಕ ಹಚ್ಚಾಕ ಹತ್ತಿ ಇಷ್ಟ ವರ್ಷ ಆತು," ಎಂದ ಮಾಯಪ್ಪ. "ಒಂದ ದಿನಾ ಪಟ್ಟಿ ಕಟ್ಟಿಲ್ಲ ನೋಡ್ರಿ."

"ಅದಕಽ ನಿನ್ನ ಮೈಕ ಮುಟ್ಟಿದಾವ್ರೆಲ್ಲ ಕುಣೀತಾರ," ಎಂದಳು ಪದ್ಮವ್ವ.

ಸುದ್ದಿ ಹಂದರದಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಅದಕ್ಕೆ ರೆಕ್ಕೆ ಮೂಡಿದ್ದವು. ಅಮರ ಏನೋ ಬಿಚ್ಚುವುದನ್ನು ಮರೆತು ಬಂದಿದ್ದರಿಂದ ವಿಮಾನ ಮುಗಿಲಲ್ಲೇ ನಿಂತಿದೆ, ಇಳಿಯಲು ಬರುತ್ತಿಲ್ಲ ಎಂದು ಹೋಳಿಗೆ ಲಟ್ಟಿಸುವವರು ಮಾತಾಡಿಕೊಂಡರು. ನಿಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೋಡಿ ಬಂದಳು.

"ಅಯ್ಯ ಶಿವನಽ! ಮ್ಯಾಲ ನಿಂತಾವ್ರಿಗೆ ಊಟದ ಗತಿ ಏನ್ರಿ?"

ಅವಳ ಹಿಂದೆಯೇ ಹಸಿರು ಸೀರೆಯುಟ್ಟ ಸಮೃದ್ಧಿ ಬಂದಳು. ಗಂಡನ ಮುಖ ನೋಡಿದೊಡನೆ ಅವಳಿಗೆ ಎಲ್ಲ ತಿಳಿಯಿತು.

"ಹೋಗಿ ಬರ್ರಿ," ಎಂದಳು. "ಹೋಗಲಿಲ್ಲಂದ್ರ ನೀವ ಇಲ್ಲಿ ಕುಂತಿರ್ತೀರಿ, ಮನಸ್ಸ ಅಲ್ಲಿ ಕುಂತಿರ್ತೈತಿ. ಅರ್ಧಾ ಗಂಡನ್ನ ಬಾಜೂಕ ಕೂಡಿಸ್ಕೊಂಡು ನಾ ಏನ ಮಾಡ್ಲಿ? ಆರತಿ ಹೊತ್ತಿಗೆ ಬರ್ರಿ, ಅಷ್ಟ."

ಅಮರ ಬೈಕ್ ಹೊರಗೆ ತೆಗೆದ. ಒದ್ದು ಚಾಲು ಮಾಡುವಷ್ಟರಲ್ಲಿ ಹಿಂದಿನ ಸೀಟು ಕುಸಿಯಿತು. ತಿರುಗಿ ನೋಡಿದರೆ ರುಮಾಲು ಸುತ್ತಿಕೊಂಡು, ಧೋತರ ಎತ್ತಿ ಕಟ್ಟಿಕೊಂಡು ಗುರುಪಾದಪ್ಪನವರು ಕೂತಿದ್ದರು.

"ನಡೀರಿ. ಲಗ್ನ ಆಗಿ ಮೂರ ವರ್ಷ ಆತು, ಅಳಿಯಂದ್ರು ಖರೇ ಏನ ಮಾಡ್ತಾರ ಅಂತ ನಾ ಒಂದ ಸಲಾನೂ ಕಣ್ಣಿಲೆ ನೋಡಿಲ್ಲ."

ಮಾವ ಬೈಕಿನ ಮೇಲಿದ್ದರೆ ಮನೆಯಲ್ಲಿ ಆರತಿ ಹೇಗೆ ಶುರುವಾದೀತು ಎಂದು ಅಮರನಿಗೆ ಒಳಗೊಳಗೇ ಧೈರ್ಯ ಬಂತು. ನಿಂಗವ್ವ ಬಾಗಿಲಲ್ಲಿ ನಿಂತು ಆ ಧೈರ್ಯವನ್ನೂ ಕೆಡಿಸಿದಳು.

"ಯಾರರ ಇರ್ಲಿ, ಬಿಡ್ಲಿ, ಹೊತ್ತ ಇಳಿಯೂದ್ರಾಗ ಆರತಿ ಆಗ್ತೈತಿ. ಬಸರಿ ಹೆಂಗಸನ್ನ ಉಪಾಸ ಕೂಡ್ಸಾಕ ನನ್ನಿಂದ ಆಗಂಗಿಲ್ಲ."

ಹಿಂದಿನಿಂದ ಮಾಯಪ್ಪನ ಮೈಕು ಕೂಗಿತು: "ಊರ ಹಿರ್ಯಾರಲ್ಲಿ ವಿನಂತಿ. ನಮ್ಮ ಅಳಿಯಂದ್ರು ವಿಮಾನ ಬಿಡಸಾಕ ಹೊಂಟಾರ. ದಾರಿ ಬಿಡಬೇಕು."

ಖಾನಾಪುರದ ಪೇಟೆಯಲ್ಲಿ ಗುರುಪಾದಪ್ಪನವರಿಗೆ ಗುರುತಿಲ್ಲದ ಮನುಷ್ಯರು ಕಡಿಮೆ. ಪ್ರತಿಯೊಬ್ಬ ಪರಿಚಿತನಿಗೂ ಅವರು ಅಳಿಯನ ಹೆಗಲು ತಟ್ಟಿ ಬೈಕ್ ನಿಲ್ಲಿಸಿದರು. "ಕಾಯ್ ಪಾವ್ಣಂ, ಕುಠಂ?" ಎಂದು ಕಿರಾಣಿ ಅಂಗಡಿಯವನು ಎಲ್ಲಿಗೆ ಹೊರಟಿರೆಂದು ಕೇಳಿದ. "ವಿಮಾನಾಚಂ ಕಾಮ್ ಹಾಯ್," ವಿಮಾನದ ಕೆಲಸವಿದೆ ಎಂದು ಇವರು ಮರಾಠಿಯಲ್ಲೇ ಗತ್ತಿನಿಂದ ಉತ್ತರ ಕೊಟ್ಟರು. ಮುಂದೆ ಪಾನಿನ ಅಂಗಡಿ, ಅದರ ಮುಂದೆ ಗೊಬ್ಬರದ ಅಂಗಡಿ. ಅಮರ ಒಳಗೇ ಕುದಿಯುತ್ತಿದ್ದ. ಮಾವನಿಗೆ ಬೇಗ ನಡೀರಿ ಎನ್ನುವ ಅಳಿಯ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಬೆಳಗಾವಿ ಅಂಚಿನ ಉದ್ಯಮಬಾಗ ಇನ್ನೂ ಮುಂದಿದೆ ಎನ್ನುವಾಗ ಬೈಕ್ ಗಕ್ಕನೆ ನಿಂತಿತು.

ಅಮರ ಇಳಿದು ಮೊದಲು ಚಾವಿ ಬಂದ್ ಮಾಡಿದ. ಕಿಸೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ. ಬ್ಯಾಟರಿಯಿಂದ ಶುರುಮಾಡಿ ಫ್ಯೂಜು, ಅಲ್ಲಿಂದ ಸ್ವಿಚ್ಚು, ಅಲ್ಲಿಂದ ಪ್ಲಗ್ಗು ಎಂದು ಒಂದೊಂದೇ ವೈರನ್ನು ಬೆರಳಿನಿಂದ ಸವರುತ್ತ ಹೋದ. ಅವನಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಗುರುಪಾದಪ್ಪನವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟ್ಯಾಂಕಿನ ಮುಚ್ಚಳ ತೆರೆದು ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿ, ಬೈಕನ್ನೊಮ್ಮೆ ಅಲ್ಲಾಡಿಸಿದರು.

"ಅಳಿಯಂದ್ರ, ವೈರ ಎಲ್ಲಾ ಛಲೋ ಅದಾವು. ಎಣ್ಣಿ ಇಲ್ಲ."

ಪೆಟ್ರೋಲ್ ಪಂಪಿನವರೆಗೆ ಅಳಿಯ ಹ್ಯಾಂಡಲ್ ಹಿಡಿದು, ಮಾವ ಹಿಂದಿನಿಂದ ನೂಕುತ್ತ ನಡೆದರು. ಉದ್ಯಮಬಾಗದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೊರಟವರು ಬಸ್ಸಿನ ಕಿಟಕಿಯಿಂದ ಈ ಮೆರವಣಿಗೆಯನ್ನು ನೋಡಿ ನಕ್ಕರು. "ವಿಮಾನದ ಇಂಜಿನೇರ್ ಅದಾರ್ರೀ!" ಎಂದು ಗುರುಪಾದಪ್ಪನವರು ಬಸ್ಸಿಗೆ ಕೇಳುವಂತೆ ಕೂಗಿ ಹೇಳಿದರು. ಅಮರನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಶೆಡ್ಡಿನಲ್ಲಿ ಬಿಳಿಯ ವಿಮಾನ ಬಾಗಿಲು ತೆರೆದುಕೊಂಡು ನಿಂತಿತ್ತು. ಚಾಲಕರ ಸೀಟಿನ ಮುಂದಿನ ಗುಂಡಿಗಳ ಸಾಲಿನಲ್ಲಿ ಕೆಂಪು ಪಟ್ಟಿ ತನಗೇನೂ ಗೊತ್ತಿಲ್ಲವೆಂಬಂತೆ ತೂಗುತ್ತಿತ್ತು. ಪಕ್ಕದಲ್ಲಿ ಸಪ್ನಾ, ಲಕ್ಷ್ಮಪ್ಪನವರು, ಕೊರಳಲ್ಲಿ ಹೆಡ್‌ಫೋನು ಹಾಕಿಕೊಂಡ ಮಹೇಕ ಎಂಬ ಆ ಹುಡುಗಿ ನಿಂತಿದ್ದರು.

"ಹಿಡದ ಜಗ್ಗ್ರಿ, ನಡೀರಿ," ಎಂದರು ಗುರುಪಾದಪ್ಪನವರು. "ಆರತಿ ಹೊತ್ತಾತು."

ಅಮರ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು. ಪಟ್ಟಿಯನ್ನೇ ಮರೆತವನು ಇನ್ನೇನನ್ನು ಮರೆತಿರಬಹುದು? ಅವನ ಕಣ್ಣ ಮುಂದೆ ಹಸಿರು ಸೀರೆಯ ಸಮೃದ್ಧಿಯೂ, ಅವಳ ಬಾಜುವಿನ ಖಾಲಿ ಮಣೆಯೂ ಬಂದು ಹೋದವು. ಅವನಿಗೆ ಅಳು ಬರುವಂತಾಯಿತು. ಆದರೂ ಟಾರ್ಚ್ ತೆಗೆದುಕೊಂಡು, ವಿಮಾನದ ಕೆಳಗೆ ಅಂಗಾತ ಮಲಗಿ, ಹಾಕಿದ ವೈರನ್ನು ತುದಿಯಿಂದ ತುದಿಯವರೆಗೆ ಮತ್ತೆ ನೋಡತೊಡಗಿದ. ಎಲ್ಲೂ ಉಜ್ಜುತ್ತಿಲ್ಲವಷ್ಟೆ? ಕಟ್ಟಿದ ದಾರ ಸಡಿಲಾಗಿಲ್ಲವಷ್ಟೆ?

ಗುರುಪಾದಪ್ಪನವರು ಚಡಪಡಿಸಿದರು. ನಿನ್ನೆಯೇ ಎರಡನೆಯವಳಾಗಿ ತಾನು ತಪಾಸು ಮಾಡಿದ್ದೇನೆಂದು ಸಪ್ನಾ ಹೇಳಿದರೂ ಸಮಾಧಾನವಾಗದೆ ಮಹೇಕಳ ಹತ್ತಿರ ಹೋದರು. ಅವಳೂ ಅವರ ಮಗಳ ವಯಸ್ಸಿನವಳೇ, ಒಂದೆರಡು ವರ್ಷ ಚಿಕ್ಕವಳಿದ್ದಾಳು.

"ನೀ ಮ್ಯಾಲ ಹೋಗಾಕಿ ಏನವಾ?"

"ಹೂನ್ರಿ ಅಜ್ಜಾರ."

ಅಜ್ಜಾ ಎಂದು ಕರೆಸಿಕೊಂಡದ್ದು ಗುರುಪಾದಪ್ಪನವರಿಗೆ ಅಂದು ಮೊದಲ ಸಲ ಸಿಹಿಯಾಗಿ ಕೇಳಿಸಿತು.

"ಅಂಜಿಕಿ ಬರಂಗಿಲ್ಲೇನು?"

"ಬರ್ತೈತ್ರಿ," ಮಹೇಕ ಮೆಲ್ಲಗೆ ನಕ್ಕಳು. "ಅಮ್ಮಿನೂ ಮನ್ಯಾಗ ದುವಾ ಮಾಡ್ಕೋತ ಕುಂತಾಳ. ಆದ್ರ ಅಮರಣ್ಣಾರು ಹಿಂಗ ತಳಗ ಮಲಗಿ ನೋಡೂದ ಕಂಡ್ರ ಅಂಜಿಕಿ ಒಂದಿಷ್ಟ ಕಡಿಮಿ ಆಗ್ತೈತ್ರಿ."

ಗುರುಪಾದಪ್ಪನವರು ವಿಮಾನದ ಕೆಳಗಿನಿಂದ ಹೊರಬಂದಿದ್ದ ಅಳಿಯನ ಎರಡು ಕಾಲುಗಳನ್ನು ನೋಡಿದರು. ಆಮೇಲೆ ಅವರು ಅವಸರಪಡಿಸಲಿಲ್ಲ. ಲಕ್ಷ್ಮಪ್ಪನವರನ್ನು ಮಾತ್ರ ಕೇಳಿದರು.

"ಅಲ್ರಿ ಸಾಹೇಬ್ರ, ನೀವ ದೊಡ್ಡಾವ್ರು. ಆ ಪಟ್ಟಿ ನೀವಽ ಬಿಚ್ಚಿದ್ರ ಏನ ಆಗ್ತಿತ್ತು?"

"ಒಳಗ ಕೈ ಐತೋ ಇಲ್ಲೋ ಅನ್ನೂದು ಕೈ ಇಟ್ಟಾಂವಗ ಮಾತ್ರ ಗೊತ್ತಿರ್ತೈತ್ರಿ ಯಜಮಾನ್ರ. ಹೊರಗ ನಿಂತಾವ್ರು, ಮುಗದಿರಬೇಕ ಬಿಡು, ಅಂತ ಗುಂಡಿ ಒತ್ತಿದ್ರ ಒಂದ ಜೀವ ಹೋಗ್ತೈತಿ. ಅದಕ ಇದರಾಗ ದೊಡ್ಡಾಂವ ಸಣ್ಣಾಂವ ಇಲ್ರಿ. ಹಾಕಿದಾಂವನಽ ತಗೀಬೇಕು."

"ಹಂಗಂದ್ರ ಇದು ಅರಿವಿ ಅಲ್ರಿ," ಎಂದರು ಗುರುಪಾದಪ್ಪನವರು ಯೋಚಿಸಿ. "ಇದು ಮಾತು."

ಅಮರ ಎದ್ದು ಬಂದ. ಪಟ್ಟಿ ಬಿಚ್ಚಿ, ಗುಂಡಿ ಒತ್ತಿ, ಸ್ವಿಚ್ ಹಾಕಿದ. ವಿಮಾನದ ಮೂಗಿನ ದೀಪ ಬೆಳ್ಳಗೆ ಹೊತ್ತಿಕೊಂಡಿತು. ಮಹೇಕ ಗುರುಪಾದಪ್ಪನವರ ಕಡೆ ಒಂದು ಸಲ ತಲೆಬಾಗಿ ವಿಮಾನ ಹತ್ತಿದಳು.

"ಏನರ ಸಿಕ್ತೇನ್ರಿ ಒಳಗ?" ದಾರಿಯಲ್ಲಿ ಮಾವ ಕೇಳಿದರು.

"ಏನೂ ಇರಲಿಲ್ರಿ ಮಾಮಾರ."

"ಏನೂ ಇರಲಿಲ್ಲಂದ್ರ ಅಷ್ಟೊತ್ತ ಯಾಕ ನೋಡಿದ್ರಿ?"

"ಏನೂ ಇಲ್ಲಂತ ಗೊತ್ತಾಗಬೇಕಲ್ರಿ."

ಗುರುಪಾದಪ್ಪನವರು ಉದ್ಯಮಬಾಗದವರೆಗೆ ಬಾಯಿ ಬಿಡಲಿಲ್ಲ. ಅಲ್ಲಿಂದ ಮುಂದೆ ಬಾಯಿ ಮುಚ್ಚಲಿಲ್ಲ. ಖಾನಾಪುರದಲ್ಲಿ ಗೊಬ್ಬರದ ಅಂಗಡಿ, ಪಾನಿನ ಅಂಗಡಿ, ಕಿರಾಣಿ ಅಂಗಡಿ ಎಲ್ಲದರ ಮುಂದೆಯೂ ಈ ಸಲ ಬೈಕ್ ನಿಲ್ಲಿಸದೆ, ಓಡುತ್ತಿರುವಾಗಲೇ ಕೂಗಿ ಹೇಳಿದರು: "ನಮ್ಮ ಅಳಿಯಂದ್ರು ಕೈ ಹಚ್ಚೂತನಕ ವಿಮಾನ ನೆಲಾ ಬಿಡಲಿಲ್ಲ!"

ಪಾರಿಶ್ವಾಡದ ಹಂದರದಲ್ಲಿ ಆರತಿಯ ತಟ್ಟೆಯಲ್ಲಿ ದೀಪ ಹೊತ್ತಿಸಿ ಆಗಿತ್ತು. ಸಮೃದ್ಧಿ ತನ್ನ ಮಣೆಯ ಬಾಜುವಿನ ಮಣೆಯ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. ಪದ್ಮವ್ವ ಬಂದು, ಅವರು ಬರೂದಿಲ್ಲ ತಗಿ, ನಾ ಕುಂದ್ರತೇನಿ, ಎಂದರೂ ಅವಳು ಕೈ ತೆಗೆದಿರಲಿಲ್ಲ. ಅಮರ ಓಡಿ ಬಂದು, ಚಪ್ಪಲಿ ಬಿಡುವುದನ್ನೂ ಮರೆಯುವಷ್ಟು ಅವಸರದಲ್ಲಿ, ಕೊನೆಯ ಗಳಿಗೆಯಲ್ಲಿ ನೆನಪಾಗಿ ಅವನ್ನು ಕಳಚಿ, ಆ ಮಣೆಯ ಮೇಲೆ ಕೂತ. ಅವನ ಹಣೆಯ ಮೇಲೆ ವಿಮಾನದ ಮಸಿ ಇತ್ತು. ನಿಂಗವ್ವ ಅದರ ಮೇಲೆಯೇ ಕುಂಕುಮ ಹಚ್ಚಿದಳು.

"ಪೂರಾ ಬಂದೀರೋ ಅರ್ಧಾ ಬಂದೀರೋ?" ಸಮೃದ್ಧಿ ಪಿಸುಗುಟ್ಟಿದಳು.

"ಪೂರಾ," ಎಂದ ಅಮರ.

ಗುರುಪಾದಪ್ಪನವರು ಮಾಯಪ್ಪನ ಕೈಯಿಂದ ಮೈಕು ಕಸಿದುಕೊಂಡು, ಅಳಿಯಂದಿರು ಮಾತು ಗೆದ್ದರು ಎಂದು ಊರಿಗೆಲ್ಲ ಸಾರಿದರು. ಪಟ್ಟಿಯ ಕತೆಯನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಹೆಣ್ಣುಮಕ್ಕಳು ಸೋಬಾನದ ಪದ ನಿಲ್ಲಿಸಿ ಕೇಳಿದರು. ಅಮರ ಅಂದು ಉಂಡಷ್ಟು ಹೋಳಿಗೆಯನ್ನು ತನ್ನ ಮದುವೆಯಲ್ಲೂ ಉಂಡಿರಲಿಲ್ಲ. ಒಂದು ತಿಂಗಳು! ಒಂದು ತಿಂಗಳ ಸಂಜೆಗಳೆಲ್ಲ ಅವನವೇ.

ಊಟವಾಗಿ ಬಿಸಿಲು ತಗ್ಗಿದ ಮೇಲೆ ಅವನು ಹೆಂಡತಿಯ ಬ್ಯಾಗು ತರಲು ಒಳಕೋಣೆಗೆ ಹೋದ. ಎತ್ತಲು ಬಗ್ಗಿದವನು ಹಾಗೆಯೇ ನಿಂತ. ಬ್ಯಾಗಿನ ಹಿಡಿಕೆಗೆ ಗೇಣುದ್ದದ ಕೆಂಪು ಖಣದ ತುಂಡು ಕಟ್ಟಿತ್ತು. ಉಡಿ ತುಂಬಲು ಬಂದ ರವಿಕೆ ಖಣಗಳ ರಾಶಿಯಿಂದ ಆರಿಸಿ ಕತ್ತರಿಸಿದ್ದು. ಮೇಲೆ ಪೆನ್ನಿನಿಂದ ದಪ್ಪಗೆ ಬರೆದಿತ್ತು: ಗುರುಪಾದಪ್ಪ.

"ಮಾಮಾರ, ಇದೇನ್ರಿ?"

"ಪಟ್ಟಿ," ಎಂದರು ಬಾಗಿಲಲ್ಲಿ ನಿಂತಿದ್ದ ಗುರುಪಾದಪ್ಪನವರು.

"ನಾ ಮಾತ ಗೆದ್ದೇನಲ್ರಿ?"

"ಗೆದ್ದೀರಿ. ನಾ ಎಲ್ಲಿ ಇಲ್ಲ ಅಂದೇನಿ? ಪಟ್ಟಿ ಬಿಚ್ಚಿದ ಕೂಡ್ಲೇ ಕರಕೊಂಡ ಹೋಗ್ರಿ."

"ಮತ್ತ ಬಿಚ್ರಿ."

"ಹೆಂಗ ಬಿಚ್ಚಲ್ರಿ? ಕೆಲಸ ಇನ್ನೂ ನಡದೈತಿ," ಎಂದು ಅವರು ಮಗಳ ಕಡೆ ಕಣ್ಣು ಹೊರಳಿಸಿದರು. ಅವರ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಮುಂಜಾನೆ ಎದ್ದ ಕೂಡ್ಲೇ ಈಕಿ ಮಾರಿ ನೋಡದ ಮೂರ ವರ್ಷ ಆತ್ರಿ. ನೀವ ಸಂಜಿಕೆ ಆಕಿ ಹಾದಿ ನೋಡ್ತೀರಿ, ನಾ ಮುಂಜಾನೆ ನೋಡ್ತೇನಿ. ಅಪ್ಪಂದು ಆಸೆ ಬಾಯಿ ಬಿಟ್ಟ ಕೇಳಾಕ ಬರಂಗಿಲ್ಲ, ಅದಕ ಕರಾರ ಹಚ್ಚಿದ್ದೆ. ಅದರಾಗ ಸೋತೆ. ಇದೊಂದ ಉಳದಿತ್ತು."

ಅಮರ ಆಸರೆಗಾಗಿ ಸಮೃದ್ಧಿಯನ್ನು ನೋಡಿದ.

"ನನ್ನ ನೋಡಬ್ಯಾಡ್ರಿ," ಎಂದಳು ಅವಳು, ನಗುತ್ತಿದ್ದ ಕಣ್ಣುಗಳು ಒದ್ದೆಯಾಗಿದ್ದವು. "ಪಟ್ಟಿ ಅಂಚು ಹೊಲಿದ ಕೊಟ್ಟಾಕಿ ನಾನಽ. ಅಪ್ಪ ಖಣಾ ಹಿಡಕೊಂಡು ಸಾಲಿ ಹುಡುಗನಂಗ ಬಂದ ನಿಂತ್ರು. ನನಗ ನಿಮ್ಮ ಜೋಡಿ ಹೋಗೂ ಆಸೆನೂ ಐತಿ, ಇಲ್ಲಿರೂ ಆಸೆನೂ ಐತಿ. ಎರಡನೂ ಕೂಡೇ ಹೆಂಗ ಮಾಡ್ಲಿ?"

ಕಿಟಕಿಯಲ್ಲಿ ಕತ್ತರಿ ಇತ್ತು. ಬಾಗಿಲಲ್ಲಿ ಪದ್ಮವ್ವ, ಮಾಯಪ್ಪ, ಅವರ ಹಿಂದೆ ಅರ್ಧ ಓಣಿ ಉಸಿರು ಹಿಡಿದು ನಿಂತಿತ್ತು. ಇಂಥದೇ ಒಂದು ತುಂಡಿಗಾಗಿ ಮಾವನನ್ನು ಬೆಳಗಾವಿಯವರೆಗೆ ಓಡಿಸಿದವನು ಈಗ ಅದನ್ನು ಕತ್ತರಿಸುವುದು ಹೇಗೆ? ಅಮರ ಕತ್ತರಿಯತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಯಾವಾಗ ಬಿಚ್ತೀರಿ ಮಾಮಾರ?"

"ಹೆರಿಗಿ ಆದ ಕೂಡ್ಲೇ. ಆದ್ರ ಎರಡನೇದಾವ್ರು ತಪಾಸ ಮಾಡಿ ಸರಿ ಅನ್ನಬೇಕಲ್ರಿ. ನಿಮ್ಮಲ್ಲಿ ಹಂಗಽ ಐತಂತ, ಸಪ್ನಾಬಾಯಾರು ಹೇಳಿದ್ರು."

"ಇಲ್ಲಿ ಎರಡನೇದಾವ್ರು ಯಾರ್ರಿ?"

"ನಾನು," ಎಂದು ಅಡುಗೆಮನೆಯಿಂದ ನಿಂಗವ್ವನ ದನಿ ಬಂತು. "ಬಾಣಂತನ ಮುಗದು, ಕೂಸು ಬೋರಲ ಬಿದ್ದು, ಅಂಬೆಗಾಲ ಇಡೂತನಕ ನಾ ಸರಿ ಅನ್ನಂಗಿಲ್ಲ."

ಅಮರ ಬ್ಯಾಗನ್ನು ಪಟ್ಟಿ ಮುದುಡದಂತೆ ಜೋಪಾನವಾಗಿ ಮಂಚದ ಕೆಳಗೆ ಸರಿಸಿದ. ಬೈಕಿನ ಚಾವಿಯನ್ನು ಗೋಡೆಯ ಗೂಟಕ್ಕೆ ಹಾಕಿದ. ಆಮೇಲೆ ಹೆಂಡತಿಯ ಬಾಜು ಕೂತು, ಪಾರಿಶ್ವಾಡದಿಂದ ದಿನಾ ಕೆಲಸಕ್ಕೆ ಹೋಗಬೇಕೆಂದರೆ ಮುಂಜಾನೆ ಎಷ್ಟು ಹೊತ್ತಿಗೆ ಏಳಬೇಕಾದೀತೆಂದು ಅತ್ತೆಯನ್ನು ಕೇಳಿದ.